ಬಿಲ್ಲಿನ ಬೆನ್ನು

ಬಿಲ್ಲಿಗೂ ಒಂದು ಹೊಟ್ಟೆ, ಒಂದು ಬೆನ್ನು ಉಂಟು. ಎಳೆಯುವವನ ಕಡೆಗಿರುವುದು ಹೊಟ್ಟೆ, ಗುರಿಯ ಕಡೆಗಿರುವುದು ಬೆನ್ನು. ಹೊಟ್ಟೆಯನ್ನು ಎಷ್ಟು ಬೇಕಾದರೂ ಹೆರೆಯಬಹುದು, ಬೆನ್ನನ್ನು ಮಾತ್ರ ಮುಟ್ಟುವ ಹಾಗಿಲ್ಲ. ಅಲ್ಲಿ ತುದಿಯಿಂದ ತುದಿಗೆ ಮರದ ಒಂದೇ ವರ್ಷದ ಪದರ ಹಾಸಿಕೊಂಡಿರಬೇಕು. ಅದಕ್ಕೆ ಅಡ್ಡವಾಗಿ ಕೂದಲೆಳೆಯಷ್ಟು ಕತ್ತಿ ತಾಗಿದರೂ ಆ ಮರ ಒಲೆಗೇ.

ಬೀದಿಯವರೆಲ್ಲ ಬಿಲ್ಲಕ್ಕ ಎಂದು ಕರೆಯುತ್ತಿದ್ದವಳಿಗೆ ಇದು ಅಕ್ಷರ ಕಲಿಯುವ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ಆ ಬೆಳಿಗ್ಗೆ ಅವಳು ಕೆಲಸದ ಕೋಣೆಯ ಬಾಗಿಲು ಓರೆ ಮಾಡಿ, ಕಟ್ಟಿ ಮುಗಿಸಿದ ಬಿಲ್ಲನ್ನು ಮೇಜಿನ ಮೇಲೆ ಬೋರಲು ಹಾಕಿ, ಹಿಡಿಯಿಂದ ಮೇಲಕ್ಕೆ ಬಾಗುವ ಮೇಲಿನ ತೋಳಿನ ನಡುವೆ ಬೆನ್ನಿಗೆ ಅಡ್ಡವಾಗಿ ಚಾಕುವಿನಿಂದ ಒಂದು ಗೆರೆ ಕೊಯ್ದಳು.

"ತಗೋ ಚಿಕ್ಕಪ್ಪ," ಎಂದಳು, ಹಲ್ಲು ಕಚ್ಚಿ.

ರಕ್ತಸಂಬಂಧದ ಚಿಕ್ಕಪ್ಪನೇನಲ್ಲ. ಇದೇ ಕೋಣೆಯಲ್ಲಿ ಅಪ್ಪನ ಪಾಲುದಾರನಾಗಿದ್ದವನು, ಚಿಕ್ಕಂದಿನಲ್ಲಿ ಅವಳನ್ನು ಹೆಗಲ ಮೇಲೆ ಹೊತ್ತು ತಿರುಗಿದವನು. ಕಟ್ಟಿದವರು ಕೊಂಡವರ ಕಣ್ಣೆದುರು ಮೊದಲು ತಾವೇ ಬಿಲ್ಲನ್ನು ಪೂರ್ತಿ ಎಳೆದು ತೋರಿಸಬೇಕು ಎಂಬುದು ಅಪ್ಪನ ಕಟ್ಟಳೆ. ಅದೊಂದು ದಿನ ತಾನು ಕಟ್ಟಿದ ಬಿಲ್ಲನ್ನು ಚಿಕ್ಕಪ್ಪ ಅಪ್ಪನ ಕೈಗಿಟ್ಟು, "ನನ್ನ ಭುಜ ಹಿಡ್ಕೊಂಡಿದೆ ಅಣ್ಣಾ, ನೀನೇ ಎಳೆದು ತೋರ್ಸು" ಅಂದಿದ್ದ. ಬಿಲ್ಲು ಕೆನ್ನೆಯ ಬಳಿ ಬಂದಾಗ ಮುರಿಯಿತು. ಅಪ್ಪನ ಬಲಗಣ್ಣು ಹೋಯಿತು. "ಅಳತೆ ಮೀರಿ ಎಳೆದುಬಿಟ್ಟ, ಪಾಪ," ಎಂದು ಚಿಕ್ಕಪ್ಪ ಊರೆಲ್ಲ ಹೇಳಿಕೊಂಡು ಬಂದ. ಅಪ್ಪನೂ ಅದನ್ನೇ ನಂಬಿದ. ಅವತ್ತಿನಿಂದ ಬಿಲ್ಲು ಮುಟ್ಟಲಿಲ್ಲ. ಕಿಟಕಿಯ ಪಕ್ಕ ಕೂತು, ಮಗಳು ಕಟ್ಟುವ ಬಿಲ್ಲುಗಳಿಗೆ ಹೆದೆಯ ದಾರ ಹೊಸೆಯುವುದಷ್ಟೇ ಅವನ ಕೆಲಸವಾಯಿತು.

ನಿಜ ಸಿಕ್ಕಿದ್ದು ಮೊನ್ನೆ ಮೊನ್ನೆ, ಸುಣ್ಣ ಬಳಿಯಲೆಂದು ಕಪಾಟು ಸರಿಸಿದಾಗ. ಅದರ ಹಿಂದೆ ಆ ಬಿಲ್ಲಿನ ಮುರಿದ ತುಂಡು ಬಿದ್ದಿತ್ತು. ಮರ ತಾನಾಗಿ ಮುರಿದರೆ ಸಿಬಿರು ಸಿಬಿರಾಗಿ ಏಳುತ್ತದೆ. ಇಲ್ಲಿ ಬೆನ್ನಿನ ಕಡೆ ಅಂಚು ಬೆಣ್ಣೆ ಕೊಯ್ದ ಹಾಗೆ ನೇರವಾಗಿತ್ತು, ಅದರೊಳಗೆ ಹಳದಿಗಟ್ಟಿದ ಅಂಟು, ಮರದ ಪುಡಿ. ಕತ್ತಿ ಜಾರಿ ಕೊಯ್ದದ್ದನ್ನು ಚಿಕ್ಕಪ್ಪ ತುಂಬಿ, ಮೇಲೆ ಬಣ್ಣ ಬಳಿದು ಅಪ್ಪನ ಕೈಗೆ ಕೊಟ್ಟಿದ್ದ. ಅವನ ಭುಜಕ್ಕೇನೂ ಆಗಿರಲಿಲ್ಲ.

ಅಪ್ಪನಿಗೆ ಹೇಳಲು ಅವಳಿಗೆ ಬಾಯಿ ಬರಲಿಲ್ಲ. "ನನ್ನ ತಮ್ಮ ಇದ್ದ ಹಾಗೆ" ಎಂದು ಇಂದಿಗೂ ಹೇಳುವವನಿಗೆ ಹೇಗೆ ಹೇಳುವುದು?

ಅಷ್ಟರಲ್ಲಿ ಚಿಕ್ಕಪ್ಪನೇ ಬಂದ. ಬಿಲ್ಲುಗಾರಿಕೆ ಕಲಿಸುವ ಮೈದಾನ ತೆರೆಯುತ್ತಿದ್ದಾನಂತೆ. ಮೊದಲ ದಿನ ಶಿಷ್ಯರೆದುರು ತಾನೇ ಮೊದಲ ಬಾಣ ಬಿಡಬೇಕಂತೆ, ಅದಕ್ಕೆ ಬಿಲ್ಲಕ್ಕನ ಬಿಲ್ಲೇ ಆಗಬೇಕಂತೆ. ಅವಳು ನಗುನಗುತ್ತಲೇ ಟೇಪು ಹಿಡಿದು ಅವನ ತೋಳು ಅಳೆದಳು.

ಅಷ್ಟು ಚೆಂದದ ಬಿಲ್ಲನ್ನು ಅವಳು ಹಿಂದೆಂದೂ ಕಟ್ಟಿರಲಿಲ್ಲ. ಸಂಶಯ ಬರಬಾರದಲ್ಲ! ಹಿಡಿಯ ದಪ್ಪ, ತೋಳುಗಳ ಅಗಲ, ತುದಿಯ ಸಪೂರ ಎಲ್ಲವನ್ನೂ ಸೀಮೆಸುಣ್ಣದಲ್ಲಿ ಬರೆದುಕೊಂಡು ಒರಟು ಕೆತ್ತನೆ ಮುಗಿಸಿದಳು. ಆಮೇಲೆ ಬಿಲ್ಲನ್ನು ಗೋಡೆಯ ಹಲಗೆಗೆ ಸಿಕ್ಕಿಸಿ, ರಾಟೆಯ ಹಗ್ಗ ಹಿಡಿದು, ದೂರ ನಿಂತು ಎಳೆದು ನೋಡುವುದು. ಬಾಗದೆ ಬಿಗಿದುಕೊಂಡ ಕಡೆ ಪೆನ್ಸಿಲ್ ಗುರುತು. ಇಳಿಸಿ, ಅಲ್ಲಿಷ್ಟೇ ಹೆರೆಯುವುದು. ಮತ್ತೆ ಸಿಕ್ಕಿಸಿ, ಮರಕ್ಕೆ ಅಭ್ಯಾಸವಾಗುವ ತನಕ ಮೆಲ್ಲಗೆ ಎಳೆದು ಬಿಟ್ಟು, ಎಳೆದು ಬಿಟ್ಟು, ಆಮೇಲೆ ಬೆರಳಗಲ ಮುಂದಕ್ಕೆ. ಹಟ ಹಿಡಿದ ಮಗುವಿಗೆ ಉಣಿಸಿದ ಹಾಗೆ, ಅವಸರ ಮಾಡಿದರೆ ಎಲ್ಲ ಉಗುಳುತ್ತದೆ. ಕೊನೆಗೆ ಎರಡೂ ತೋಳು ಒಂದೇ ಸಮ ಬಾಗಿ ಬಂದಾಗ ಅವಳಿಗೆ ಅದರಿಂದ ಕಣ್ಣು ಕೀಳಲಾಗಲಿಲ್ಲ. ಆದರೂ ಕೊಯ್ದಳು.

ಕೊಯ್ದಲ್ಲಿ ಅಂಟು, ಮರದ ಪುಡಿ ತುಂಬಿ, ಒಣಗಿಸಿ, ಬಣ್ಣ ಬಳಿದಳು. ಅವಳ ಗಿಡ್ಡ ತೋಳಿನ ಎಳೆತಕ್ಕೆ ಅದು ತಡೆಯುತ್ತದೆ, ಹಲಗೆಯ ಮೇಲೆ ನೋಡಿಕೊಂಡಿದ್ದಳು. ಅವನ ಉದ್ದ ತೋಳಿಗೆ ತಡೆಯುವುದಿಲ್ಲ. ಕಣ್ಣಿಗೆ ಕಣ್ಣು. ಅದಕ್ಕಿಂತ ಹೆಚ್ಚೂ ಬೇಡ, ಕಡಿಮೆಯೂ ಬೇಡ.

ಮಾರನೆಯ ದಿನ ಚಿಕ್ಕಪ್ಪ ಅಳಿಯನ ಜೊತೆ ಬಂದ.

"ಏನಣ್ಣಾ, ಇನ್ನೂ ದಾರ ಹೊಸೀತಾನೇ ಇದ್ದೀಯಾ?"

"ಹೊಸೀದೇ ಇದ್ರೆ ನಿನ್ನ ಮೀಸೆ ಕಟ್ಟಿ ಬಾಣ ಬಿಡ್ತೀಯೇನೋ?" ಅಪ್ಪ ಗೊಳ್ಳನೆ ನಕ್ಕ.

ಅಳಿಯ ಆಗಲೇ ಫೋನ್ ಎತ್ತಿ ಹಿಡಿದಿದ್ದ. "ಮಾವಾ, ಪೂರ್ತಿ ಎಳೆದು ನಿಂತ್ಕೊಳ್ಳಿ. ಮೈದಾನದ ಬೋರ್ಡಿಗೆ ಒಂದು ಒಳ್ಳೆ ಫೋಟೊ ಬೇಕು."

"ತಡೀರಿ, ಮೊದಲು ನಾನು ಎಳೀಬೇಕು," ಎಂದು ಬಿಲ್ಲಕ್ಕ ಬಿಲ್ಲಿಗೆ ಕೈ ಚಾಚಿದಳು.

ಅಪ್ಪ ಮಡಿಲಿನ ದಾರ ಪಕ್ಕಕ್ಕಿಟ್ಟು ಎದ್ದ. "ಇರು ಮಗಳೇ. ಇವತ್ತು ನಾನು ಎಳೀತೀನಿ."

"ನೀನ್ಯಾಕಪ್ಪಾ?"

"ಇವನ ಅಳತೆಗೆ ನಿನ್ನ ತೋಳು ಎಲ್ಲಿ ಸಾಕಾಗತ್ತೆ? ನಾನೂ ಇವನೂ ಒಬ್ಬರ ಅಂಗಿ ಒಬ್ರು ಹಾಕ್ಕೊಂಡು ಓಡಾಡಿದೋರು." ಆಮೇಲೆ ದನಿ ತಗ್ಗಿಸಿ, "ಇಷ್ಟು ಚೆಂದ ಕಟ್ಟಿದೀಯ. ಕೈ ತಡೀತಿಲ್ಲ ಕಣೇ," ಎಂದ.

ಬೇಡ ಎನ್ನುವಷ್ಟರಲ್ಲಿ ಬಿಲ್ಲು ಅವನ ಕೈಯಲ್ಲಿತ್ತು. ಹೆದೆ ಎದೆಯ ತನಕ ಬಂತು. ಉಳಿದ ಒಂದು ಕಣ್ಣು ಅರೆಮುಚ್ಚಿತ್ತು, ಮುಖದಲ್ಲಿ ಹಿಂದಿನ ಅಪ್ಪ ಬಂದು ನಿಂತಿದ್ದ. ಹೆದೆ ಗಲ್ಲದತ್ತ ಸರಿಯಿತು.

"ಅಪ್ಪಾ! ಇಳಿಸು! ಮೆಲ್ಲಗೆ ಇಳಿಸಪ್ಪಾ!"

ಅಪ್ಪ ಬೆಚ್ಚಿ ಇಳಿಸಿದ. ಚಿಕ್ಕಪ್ಪ ನಕ್ಕ. "ಬುದ್ಧಿವಂತೆ. ಅಣ್ಣ ಮತ್ತೆ ಜಾಸ್ತಿ ಎಳೆದುಬಿಟ್ರೆ ಇರೋ ಒಂದೂ ಹೋದೀತು ಅಂತ ಅವಳಿಗೆ ಭಯ."

ಅಪ್ಪನ ಮುಖ ಸಣ್ಣದಾಯಿತು. ಅದನ್ನು ನೋಡಿದ ಮೇಲೆ ಬಿಲ್ಲಕ್ಕನಿಗೆ ತಡೆಯಲಾಗಲಿಲ್ಲ.

"ನೀನು ಅವತ್ತು ಜಾಸ್ತಿ ಎಳೀಲಿಲ್ಲ ಅಪ್ಪಾ. ಆ ಬಿಲ್ಲಿನ ಬೆನ್ನು ಕೊಯ್ದಿತ್ತು. ಇವನು ಅಂಟು ತುಂಬಿ ನಿನ್ನ ಕೈಗೆ ಕೊಟ್ಟ. ಮುರಿದ ತುಂಡು ನನ್ನ ಹತ್ರ ಇದೆ." ಉಸಿರು ಎಳೆದುಕೊಂಡಳು. "ಈ ಬಿಲ್ಲಲ್ಲೂ ಹಾಗೇ ಇದೆ. ಇದು ನಾನು ಮಾಡಿದ್ದು. ಇವನಿಗೆ ಅಂತ."

ಅಪ್ಪ ಬಿಲ್ಲನ್ನು ತಿರುಗಿಸಿ ಹಿಡಿದ. ಹೆಬ್ಬೆರಳಿನ ಉಗುರನ್ನು ಬೆನ್ನಿನ ಮೇಲೆ ಉದ್ದಕ್ಕೆ ಎಳೆದ. ಮೇಲಿನ ತೋಳಿನ ನಡುವೆ ಉಗುರು ನಿಂತಿತು.

"ಹೌದೇನೋ?" ಎಂದು ಚಿಕ್ಕಪ್ಪನನ್ನು ಕೇಳಿದ.

"ಹುಚ್ಚು ಹುಡುಗಿ ಏನೋ ಬಡಬಡಿಸ್ತಾಳೆ..."

"ಹಾಗಾದ್ರೆ ತಗೋ. ಎಳಿ. ಅಂಟು ತುಂಬಿದ್ರೆ ತಡೀತದೆ ಅಲ್ವಾ?"

ಚಿಕ್ಕಪ್ಪನ ಕೈ ಮುಂದೆ ಬರಲಿಲ್ಲ. ಅಳಿಯ ಫೋನ್ ಕೆಳಗಿಳಿಸಿದ. "ಮಾವಾ? ಎಳೀರಿ ಮಾವಾ."

"ನೀನು ಸುಮ್ನಿರಯ್ಯಾ!" ಎಂದು ಗದರಿ ಚಿಕ್ಕಪ್ಪ ಬೆವರು ಒರೆಸಿಕೊಂಡ. "ಅವತ್ತು ಗಿರಾಕಿ ಬಾಗಿಲಲ್ಲಿ ನಿಂತಿದ್ದ ಅಣ್ಣಾ. ಬೇರೆ ಮರ ಇರಲಿಲ್ಲ. ತಡೀತದೆ ಅಂದ್ಕೊಂಡೆ."

"ತಡೀತದೆ ಅನ್ನೋ ಹಾಗಿದ್ರೆ ನೀನೇ ಎಳೀತಿದ್ದೆ," ಎಂದ ಅಪ್ಪ. ಬಿಲ್ಲನ್ನು ನೆಲದ ಮೇಲೆ ಅಡ್ಡ ಹಿಡಿದು ಕಾಲಿಂದ ಮೆಟ್ಟಿದ. ಉಗುರು ನಿಂತಲ್ಲೇ ಅದು ಚಟ್ಟನೆ ಮುರಿಯಿತು.

"ನಾನು ಬರ್ತೀನಿ," ಎಂದು ಚಿಕ್ಕಪ್ಪ ಬಾಗಿಲ ಕಡೆ ಸರಿದ.

"ನಿಂತ್ಕೋ. ಬಿಲ್ಲು ಬೇಕು ಅಂದಿದ್ದೆ. ಕೊಡ್ತೀವಿ."

"ಬೇಡ ಅಣ್ಣಾ."

"ಈ ಕೋಣೆಯ ಬಿಲ್ಲೇ ಹಿಡಿಯೋದು ಅಂತ ಊರಿಗೆಲ್ಲ ಸಾರಿದೀಯ. ನಾನೇ ಕಟ್ಟಿ ಕಳಿಸ್ತೀನಿ. ನಿನ್ನ ಶಿಷ್ಯರ ಮುಂದೆ ಪೂರ್ತಿ ಎಳಿ. ಕೆನ್ನೆ ಹತ್ರ ಬಂದಾಗೆಲ್ಲ ಕೇಳ್ಕೋ, ಒಳಗೆ ಏನಿದೆಯೋ, ಅಣ್ಣ ಏನು ತುಂಬಿದಾನೋ ಅಂತ. ಎಳೀದೇ ಇದ್ರೆ ಯಾಕೆ ಅಂತ ಅವರೇ ಕೇಳ್ತಾರೆ."

ಇಬ್ಬರೂ ಹೊರಬಿದ್ದ ಮೇಲೆ ಅಳಿಯ ಮಾವನನ್ನು ಬಿಟ್ಟು ಮುಂದೆ ಮುಂದೆ ನಡೆದುಹೋದದ್ದು ಕಿಟಕಿಯಿಂದ ಕಾಣುತ್ತಿತ್ತು.

ಅಪ್ಪ ಮಗಳ ಕಡೆ ತಿರುಗಿದ. "ಇನ್ನೊಂದು ಸಲ ಬೆನ್ನಿಗೆ ಚಾಕು ಹಾಕಿದ್ರೆ ಕೈ ಮುರೀತೀನಿ."

"ಅವನಿಗಾದ್ರೂ?"

"ಅವನಿಗಾದ್ರೂ."

ಆಮೇಲೆ ಅವನು ಮೂಲೆಯಲ್ಲಿ ಒರಗಿಸಿದ್ದ ಮರಗಳನ್ನು ಒಂದೊಂದಾಗಿ ತಡವಿ, ಅವಳು ವರ್ಷಗಟ್ಟಲೆ ಒಣಗಿಸಿಟ್ಟಿದ್ದ ಎಲ್ಲಕ್ಕಿಂತ ನೇರವಾದ ಮರವನ್ನೇ ಎಳೆದು ತೆಗೆದ.

"ಅಪ್ಪಾ, ಅಷ್ಟು ಒಳ್ಳೇದನ್ನ ಅವನಿಗಾ?"

"ಒಳ್ಳೇದೇ ಆಗ್ಬೇಕು. ಯಾರ ಕೈಗೆ ಕೊಟ್ಟು ನೋಡಿಸಿದ್ರೂ ಒಂದು ಕುಂದು ಸಿಗಬಾರದು. ಹೆದರೋದು ಅವನೊಬ್ಬನೇ ಆಗಿರ್ಬೇಕು." ಮರವನ್ನು ಮೇಜಿಗೆ ಬಿಗಿದು ಕೈ ಚಾಚಿದ. "ಸೀಮೆಸುಣ್ಣ ಕೊಡು. ಅಳತೆ ಹೇಳೋದು ಬೇಡ, ನನಗೆ ಗೊತ್ತು."