ಹೊಟ್ಟೆ ಬಂದ ಗೋಡೆ

"ಕಣ್ಣಿಗೆ ಸಿಮೆಂಟ್ ಮೆತ್ಕೊಂಡಿದ್ಯೇನಲೇ, ಗೂಬೆ ನನ್ಮಗನೇ? ಗೋಡೆಗೆ ಬಸುರಿ ಹೊಟ್ಟೆ ಬಂದಿದೆಯಲ್ಲೋ!"

ಎಂಜಿನಿಯರ್ ಹೀಗೆ ಬೈದದ್ದು ನನ್ನ ಗಂಡನನ್ನು, ಐವತ್ತು ಜನರ ಮುಂದೆ. ಕ್ರೀಡಾಂಗಣದ ಮೊದಲ ಗೋಡೆಗೆ ಹಲಗೆ ಕಟ್ಟಿದ ಸೆಂಟ್ರಿಂಗ್ ಮೇಸ್ತ್ರಿ ಅವನೇ. ಕಾಂಕ್ರೀಟ್ ತುಂಬಿದಾಗ ಹಲಗೆ ಉಬ್ಬಿತು, ಗೋಡೆಯೂ ಹಾಗೇ ಉಬ್ಬಿ ಗಟ್ಟಿಯಾಯಿತು. "ಒಂದೇ ದಿನಕ್ಕೆ ಪೂರ್ತಿ ತುಂಬ್ಬೇಡಿ ಸಾರ್, ಸಪೋರ್ಟು ತಡ್ಯಲ್ಲ" ಎಂದು ಅವನು ಎರಡು ಸಲ ಹೇಳಿದ್ದ. ಬಾಂಡಲಿ ಹೊತ್ತು ಪಕ್ಕದಲ್ಲೇ ನಿಂತಿದ್ದ ನಾನೂ ಕೇಳಿದ್ದೆ. ಆದರೆ ಹೆಂಡತಿಯ ಸಾಕ್ಷಿ ಯಾವ ಲೆಕ್ಕಕ್ಕೆ? ಇಬ್ಬರನ್ನೂ ಅಂದೇ ಓಡಿಸಿದರು.

ಅವನಿಗೆ 'ಹೊಟ್ಟೆ ಮೇಸ್ತ್ರಿ' ಎಂದು ಹೆಸರು ಬಿತ್ತು. ಕೆಲಸ ಕೇಳಲು ಹೋದ ಕಡೆಯೆಲ್ಲ ಆ ಹೆಸರು ಅವನಿಗಿಂತ ಮೊದಲೇ ಹೋಗಿ ಕೂತಿರುತ್ತಿತ್ತು. ಮೂರು ವರ್ಷದಿಂದ ಸುತ್ತಿಗೆ ಮುಟ್ಟಿರಲಿಲ್ಲ, ಮಾರುಕಟ್ಟೆಯಲ್ಲಿ ಮೂಟೆ ಹೊರುತ್ತಿದ್ದ. ಗೋಡೆ ಕಂಡರೆ ಮುಖ ತಿರುಗಿಸುತ್ತಿದ್ದ. ಗೋಡೆಯಿಲ್ಲದ ಬೀದಿ ಎಲ್ಲಿದೆ? ಅವನ ಬೆನ್ನು ನೋಡಿ ನೋಡಿಯೇ ನನಗೆ ಸಾಕಾಗಿತ್ತು.

ಕ್ರೀಡಾಂಗಣ ಸಿದ್ಧವಾಯಿತು. ಮೊದಲ ಭಾನುವಾರ ಎಲ್ಲರಿಗೂ ಪುಕ್ಕಟೆ ಪ್ರವೇಶ ಎಂದರು. ಅವನನ್ನು ಎಳೆದುಕೊಂಡು ಹೊರಟೆ.

"ಅಲ್ಲೇನಿದೆ ನೋಡೋಕೆ? ನನ್ನ ಮಾನ ಹೋದ ಜಾಗ ಅದು."

"ಹೋಗಿದ್ರೆ ಅಲ್ಲೇ ಎಲ್ಲಾದ್ರೂ ಬಿದ್ದಿರುತ್ತೆ. ಹುಡ್ಕೋಣ ಬಾ."

ರಸ್ತೆ ತಿರುಗಿದ್ದೇ ತಡ, ಇಬ್ಬರೂ ನಿಂತುಬಿಟ್ಟೆವು. ಕ್ರೀಡಾಂಗಣದ ಸುತ್ತ ಇದ್ದ ಅಷ್ಟೂ ಗೋಡೆಗಳಿಗೆ ಹೊಟ್ಟೆ ಬಂದಿತ್ತು!

"ಅಯ್ಯೋ, ನಿನ್ ಕಾಯಿಲೆ ಎಲ್ಲಾದಕ್ಕೂ ಅಂಟ್ಕೊಂಡಿದೆ ಕಣಯ್ಯಾ!" ಎಂದೆ. ಅವನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ.

ಒಳಗೆ ನಮ್ಮ ಗೋಡೆಯ ಮುಂದೆ ಹಗ್ಗ ಕಟ್ಟಿದ್ದರು. ಕೋಟು ತೊಟ್ಟ ಗೈಡ್ ಒಬ್ಬ ಜನರಿಗೆ ವಿವರಿಸುತ್ತಿದ್ದ.

"ಇದು ಮೊದಲ್ನೇ ಗೋಡೆ. ನಮ್ಮ ವಿನ್ಯಾಸಕಾರರು ವರ್ಷಗಟ್ಟಲೆ ತಪಸ್ಸು ಮಾಡಿ ಕಂಡ ಕನಸು. ಓಟಗಾರ ಉಸಿರೆಳೆದಾಗ ಎದೆ ಉಬ್ಬುತ್ತಲ್ಲ, ಹಾಗೆ! ಮಿಕ್ಕ ಗೋಡೆಗಳಿಗೆಲ್ಲ ಇದೇ ಮಾದರಿ."

ಜನ ಆಹಾ ಎಂದರು. ಗೈಡ್ ಪಕ್ಕದಲ್ಲಿ ಅದೇ ಎಂಜಿನಿಯರ್ ನಿಂತು, ತಾನೇ ಹೆತ್ತವನಂತೆ ತಲೆಯಾಡಿಸುತ್ತಿದ್ದ.

ನನಗೆ ನಗು ತಡೆಯಲಾಗಲಿಲ್ಲ, ಸೆರಗು ಬಾಯಿಗೆ ತುರುಕಿಕೊಂಡೆ. ನನ್ನ ಗಂಡ ಮಾತ್ರ ನಗಲಿಲ್ಲ. ಹಗ್ಗ ದಾಟಿದ. ಗೋಡೆಯ ಹೊಟ್ಟೆಯ ಮೇಲೆ ಎರಡೂ ಅಂಗೈ ಊರಿದ.

"ಏಯ್, ಕೈ ತೆಗಿಯೋ! ಕೊಳೆ ಆಗುತ್ತೆ!" ಎಂದು ಎಂಜಿನಿಯರ್ ಕಿರುಚಿದ. ನನ್ನ ಗಂಡ ತಿರುಗಿ ನೋಡಿದಾಗ ಗುರುತು ಸಿಕ್ಕಿರಬೇಕು, ಆತನ ಮುಖ ಬಿಳಿಚಿಕೊಂಡಿತು.

"ಯಾರಪ್ಪಾ ನೀನು?" ಎಂದ ಗೈಡ್.

"ಇದನ್ನ ಕೆಡಿಸಿದವ್ನು," ಎಂದ ನನ್ನ ಗಂಡ, ಎಲ್ಲರಿಗೂ ಕೇಳುವಂತೆ. "ಬೇಕಾದ್ರೆ ಈ ಸಾಹೇಬ್ರನ್ನೇ ಕೇಳಿ. ಐವತ್ತು ಜನದ ಮುಂದೆ ಅವ್ರೇ ಹೇಳಿದ್ರು."

"ಇವ್ನು ಯಾರೋ ನಂಗೊತ್ತಿಲ್ಲ. ಎಳೆದಾಕ್ರೋ!" ಎಂದ ಎಂಜಿನಿಯರ್.

ಕಾವಲುಗಾರರು ಇಬ್ಬರು ಬಂದು ಅವನ ರಟ್ಟೆ ಹಿಡಿದರು. ಅಂಗೈ ಕದಲಲಿಲ್ಲ. ಮೂರು ವರ್ಷದ ಮೇಲೆ ಅವನು ಗೋಡೆಯೊಂದಕ್ಕೆ ಮುಖ ಕೊಟ್ಟು ನಿಂತದ್ದು ಕಂಡು ನನಗೆ ಅಳು ಬಂತು. ನಾನೂ ಹಗ್ಗದಡಿ ನುಸುಳಿ, ಅವನ ಪಕ್ಕದಲ್ಲೇ ಕೈ ಊರಿದೆ.

"ಎಳೀರಪ್ಪಾ," ಎಂದೆ. "ಗೋಡೆ ಸಮೇತ ಎಳೀರಿ."