ಸಂಜೆಯ ಕಾಲು ಗಂಟೆ

ಅಥವಾ ಆ ಹಗ್ಗವನ್ನು ತನಗಾಗಿಯೇ ಹಾಸಿದ್ದರೆ?

ಆಂಬ್ರೋಸ್ ಹೇಲ್ ಸ್ಟುಡಿಯೋದ ಬಾಗಿಲಲ್ಲೇ ನಿಂತ. ಬಾಗಿಲಿನಿಂದ ಅವನ ಕುರ್ಚಿಯವರೆಗೆ ನೆಲದ ಮೇಲೆ ಬಿಳಿ ಹಗ್ಗವೊಂದು ಉದ್ದಕ್ಕೆ ಬಿದ್ದಿತ್ತು. ನಿನ್ನೆಯೂ ಇತ್ತು, ಮೊನ್ನೆಯೂ ಇತ್ತು. ಬೇರೆಲ್ಲ ಕಡೆ ಸುರುಳಿ ಸುತ್ತಿ ಬಿದ್ದಿರುವ ದಪ್ಪ ವೈರುಗಳು ಆ ಹಗ್ಗದ ಪಕ್ಕದಲ್ಲಿ ಮಾತ್ರ ಒಂದೂ ಇರಲಿಲ್ಲ. ಸಿನಿಮಾ ಸ್ಟುಡಿಯೋದ ನೆಲ ಎಂದೂ ಇಷ್ಟು ಚೊಕ್ಕಟವಾಗಿರುವುದಿಲ್ಲ. ತಾನು ಎಲ್ಲಿ ಕಾಲಿಡುತ್ತೇನೆ, ಎಲ್ಲಿ ತಡವರಿಸುತ್ತೇನೆ ಎಂದು ಯಾರೋ ಅಳೆಯುತ್ತಿದ್ದಾರೆ. ಇಲ್ಲವೇ ಇದೆಲ್ಲ ತನ್ನ ಭ್ರಮೆ. ಬಡಗಿಗಳ ಹಗ್ಗ, ಮರೆತು ಬಿಟ್ಟಿದ್ದಾರೆ. ಆದರೆ ಇಷ್ಟು ದಿನ ಮರೆಯುತ್ತಾರೆಯೇ?

ಹಗ್ಗ ಅವನಿಗೆ ಕಂಡದ್ದು ಅದರ ಕಡೆ ನೋಡದೆ ಇದ್ದುದರಿಂದ. ಕಳೆದ ಶರತ್ಕಾಲದಿಂದ ಅವನ ದೃಷ್ಟಿಯ ನಡುಭಾಗ ಅಳಿಸಿಹೋಗಿತ್ತು. ನೇರ ನೋಡಿದ್ದೆಲ್ಲ ಮಾಯವಾಗುತ್ತಿತ್ತು, ನೋಡದೆ ಬಿಟ್ಟದ್ದು ಅಂಚಿನಲ್ಲಿ ಮಸುಕಾಗಿ ಉಳಿಯುತ್ತಿತ್ತು. ಎದುರು ನಿಂತವನ ಹ್ಯಾಟು ಸಿಗುತ್ತಿತ್ತು, ಬೂಟು ಸಿಗುತ್ತಿತ್ತು. ನಡುವೆ ಮುಖವಿರಬೇಕಾದಲ್ಲಿ ಬೂದಿಬಣ್ಣದ ಹೊಗೆ. ಹೋದದ್ದು ಮರಳಿ ಬರುವುದಿಲ್ಲ, ಉಳಿದದ್ದೂ ನಿಲ್ಲುವುದು ಅನುಮಾನ ಎಂದು ಲಂಡನ್ನಿನ ಕಣ್ಣಿನ ಡಾಕ್ಟರು ಬಹಳ ಮರ್ಯಾದೆಯಿಂದ ಹೇಳಿ ಬಾಗಿಲವರೆಗೆ ಬಂದು ಬೀಳ್ಕೊಟ್ಟಿದ್ದರು. ಆಂಬ್ರೋಸ್ ಆ ಸಂಗತಿಯನ್ನು ಯಾರಿಗೂ ತಿಳಿಸಲಿಲ್ಲ. ಕಣ್ಣು ಕಾಣದ ನಿರ್ದೇಶಕನಿಗೆ ಇಂಗ್ಲೆಂಡಿನಲ್ಲಿ ಯಾರು ಚಿತ್ರ ಕೊಡುತ್ತಾರೆ? ಇದೊಂದನ್ನು ಮುಗಿಸಿಬಿಡಬೇಕು ಎಂಬುದಷ್ಟೇ ಅವನ ಆಸೆ. ಇದುವರೆಗೆ ಮಾಡಿದ್ದೆಲ್ಲ ಹೊಟ್ಟೆಪಾಡಿನದು. ಇದು ಮಾತ್ರ ತನ್ನದು.

ಚಿತ್ರವೂ ಒಬ್ಬ ಕುರುಡನದೇ. ಬೇಟೆಗೆ ಹೋದಲ್ಲಿ ಗುಂಡಿನ ಚೂರು ಬಡಿದು ಕಣ್ಣು ಕಳೆದುಕೊಂಡ ಶ್ರೀಮಂತನೊಬ್ಬ, ಮನೆಯವರೆಲ್ಲ ತನ್ನ ವಿರುದ್ಧ ಒಂದಾಗಿದ್ದಾರೆಂದು ದಿನದಿನಕ್ಕೆ ಹೆಚ್ಚು ಹೆಚ್ಚು ನಂಬತೊಡಗುತ್ತಾನೆ. ಕಥೆಯ ಕೊನೆಗೆ ಅವನ ಸಂಶಯವೇ ನಿಜವಾಗುತ್ತದೆ. ಇಡೀ ಚಳಿಗಾಲ ತೇಮ್ಸ್ ದಂಡೆಯ ಈ ತಗಡಿನ ಮಾಡಿನ ಕೆಳಗೆ, ಆ ಮನುಷ್ಯ ಬಾಗಿಲ ಹಿಂದಿನ ಪಿಸುಮಾತಿಗೆ ಕಿವಿಗೊಡುವುದನ್ನು ಆಂಬ್ರೋಸ್ ಮತ್ತೆ ಮತ್ತೆ ಚಿತ್ರಿಸಿದ್ದ. ಸಂಜೆ ಬಾಡಿಗೆ ಕೋಣೆಗೆ ಮರಳಿದ ಮೇಲೂ ಆ ಕಿವಿ ಅವನ ಜೊತೆಗೇ ಬರುತ್ತಿತ್ತು.

ಕೇಳಿಸಿಕೊಳ್ಳುವುದಕ್ಕೆ ಇಲ್ಲಿ ಏನೂ ಕಡಿಮೆ ಇರಲಿಲ್ಲ. ಅವನು ಟೀ ಗಾಡಿಯ ಹತ್ತಿರ ಹೋದರೆ ಮಾತು ನಿಲ್ಲುತ್ತಿತ್ತು. ಒಂದು ಶಾಟಿನಿಂದ ಇನ್ನೊಂದಕ್ಕೆ ನಟರ ಉಡುಪು, ಕೈಯಲ್ಲಿನ ಸಿಗರೇಟಿನ ಉದ್ದ ತಪ್ಪದಂತೆ ನೋಡಿಕೊಳ್ಳುವ ಆಲಿವ್ ಡ್ರೇಕಾಟ್ ನೆರಳಿನಂತೆ ಅವನ ಮೊಣಕೈ ಪಕ್ಕದಲ್ಲೇ ನಿಲ್ಲುತ್ತಿದ್ದಳು. ಯಾವ ನಟ ಎಡಗೈ ಎತ್ತಿದ, ಯಾವನು ತಲೆ ತಗ್ಗಿಸಿದ ಎಂದು ಕೇಳದಿದ್ದರೂ ಮೆಲ್ಲಗೆ ಹೇಳುತ್ತಿದ್ದಳು. ಕಣ್ಣಿರುವ ನಿರ್ದೇಶಕನಿಗೆ ಅದನ್ನು ಯಾರೂ ಹೇಳುವುದಿಲ್ಲ. ನಿರ್ಮಾಪಕ ಗಾರ್ಸ್ಟನ್ ತನ್ನನ್ನು ಪರೀಕ್ಷಿಸಲು ಇವಳನ್ನು ಇಟ್ಟಿದ್ದಾನೆ ಎಂದು ಆಂಬ್ರೋಸ್ ತೀರ್ಮಾನಿಸಿದ್ದ.

ಎಲ್ಲಕ್ಕಿಂತ ನೋವಾದದ್ದು ಕಾಲು ಗಂಟೆಯ ವಿಷಯ. ಸಂಜೆ ಗಂಟೆ ಹೊಡೆದರೆ ಕೆಲಸ ನಿಲ್ಲಬೇಕು. ಅದು ಕಾರ್ಮಿಕ ಸಂಘದ ಕಟ್ಟಳೆ. ಶಾಟು ಅರ್ಧದಲ್ಲಿದ್ದರೆ ಸಹಾಯಕ ನಿರ್ದೇಶಕ ಗಂಟೆಗೆ ಮುಂಚೆಯೇ ಸಂಘದ ಮುಖಂಡನ ಹತ್ತಿರ ಹೋಗಿ ಇನ್ನೊಂದು ಕಾಲು ಗಂಟೆ ಕೇಳಬೇಕು. ಕೆಲಸಗಾರರು ಮಾತಿಲ್ಲದೆ ಕೈ ಎತ್ತುತ್ತಾರೆ. ಒಂದು ಕೈ ಕೆಳಗೆ ಉಳಿದರೂ ಇಲ್ಲ ಎಂದೇ ಅರ್ಥ. ಒಳ್ಳೆಯ ನಿರ್ದೇಶಕನಿಗೆ ಯಾರೂ ಇಲ್ಲ ಎನ್ನುವುದಿಲ್ಲ. ಆದರೆ ಈ ತಿಂಗಳು ಆಂಬ್ರೋಸ್‌ಗೆ ಒಂದು ಸಂಜೆಯೂ ಅದು ಸಿಕ್ಕಿರಲಿಲ್ಲ. ದೀಪಗಳ ಮೇಲ್ವಿಚಾರಕ, ಸಂಘದ ಮುಖಂಡ ಪರ್ಸಿ ಟಕ್‌ವೆಲ್ ಪ್ರತಿಸಲವೂ ಒಂದೇ ದನಿಯಲ್ಲಿ "ಇವತ್ತು ಬೇಡ, ಯಜಮಾನ್ರೇ" ಎನ್ನುತ್ತಿದ್ದ. ದೊಡ್ಡ ದೀಪಗಳು ಟಿಕ್ ಟಿಕ್ ಎನ್ನುತ್ತ ತಣ್ಣಗಾಗುತ್ತಿದ್ದವು.

ಆಂಬ್ರೋಸ್ ಒಂದು ಮಾತನ್ನು ಸಿದ್ಧ ಮಾಡಿಟ್ಟುಕೊಂಡಿದ್ದ. ಬಸ್ಸಿನಲ್ಲಿ ಕೂತಾಗ, ಗಡ್ಡ ಹೆರೆಯುವಾಗ ಅದನ್ನೇ ತಿದ್ದುತ್ತಿದ್ದ. ನೀವೆಲ್ಲ ಗಾರ್ಸ್ಟನ್‌ಗೆ ನಿಮ್ಮನ್ನು ಮಾರಿಕೊಂಡವರು, ನಿಮ್ಮಂಥ ಹೇಡಿಗಳ ಜೊತೆ ಕೆಲಸ ಮಾಡಿದ್ದಕ್ಕೆ ನನಗೆ ನಾಚಿಕೆಯಾಗುತ್ತದೆ ಎಂದು ಶುರುವಾಗಿ ಒಬ್ಬೊಬ್ಬರ ಹೆಸರು ಹಿಡಿದು ಮುಗಿಯುತ್ತಿತ್ತು ಅದು.

ಇಂದು ಕೊನೆಯ ದಿನ. ನಾಳೆ ಬೆಳಿಗ್ಗೆ ಈ ಬಂಗಲೆಯ ಹಜಾರದ ಸೆಟ್ಟನ್ನು ಒಡೆದು, ಹಾಡು ಕುಣಿತದ ಇನ್ನೊಂದು ಚಿತ್ರಕ್ಕೆ ಹಡಗಿನ ಅಟ್ಟಣೆ ಕಟ್ಟುತ್ತಾರೆ. ಉಳಿದದ್ದು ಒಂದೇ ಶಾಟು, ಅದೇ ಚಿತ್ರದ ಕೊನೆ. ಅದು ಇಂದು ಮುಗಿಯದಿದ್ದರೆ ಬೇರೆಯವನಿಂದ ಬೇರೊಂದು ಕೊನೆ ತೆಗೆಸುತ್ತೇನೆ, ಪರದೆಯ ಮೇಲೆ ಅವನ ಹೆಸರೇ ಬರುತ್ತದೆ ಎಂದು ಗಾರ್ಸ್ಟನ್ ಬೆಳಿಗ್ಗೆಯೇ ಹೇಳಿದ್ದ. ಬರೀ ಹೇಳಿಕೆಯಲ್ಲ. ಮಧ್ಯಾಹ್ನದ ಟೀ ಮುಗಿಯುವ ಹೊತ್ತಿಗೆ ಗಾರ್ಸ್ಟನ್ನನ ಪಕ್ಕದಲ್ಲಿ ಪೈಪಿನ ತಂಬಾಕಿನ ವಾಸನೆಯೊಂದು ಬಂದು ಕುಳಿತಿತ್ತು. ಅದರೊಳಗಿನ ಮನುಷ್ಯ ಯಾರೆಂದು ಆಂಬ್ರೋಸ್ ಕೇಳಲಿಲ್ಲ.

ಶಾಟು ಹೇಳಲು ಸುಲಭ. ಕತ್ತಲ ಹಜಾರದಲ್ಲಿ ಹೆಂಡತಿ ಕಿಟಕಿಯ ಪರದೆಗೆ ಒತ್ತಿಕೊಂಡು ಉಸಿರು ಬಿಗಿಹಿಡಿದು ನಿಂತಿದ್ದಾಳೆ. ಕೊಲ್ಲಲು ಬಂದವಳು ಈಗ ಅಡಗಿದ್ದಾಳೆ. ಕುರುಡ ಬಾಗಿಲಿಂದ ಹೊರಟು, ಎಲ್ಲಿಯೂ ತಡೆಯದೆ ಅವಳ ಬಳಿಗೇ ಬಂದು ಅವಳ ಕೈ ಹಿಡಿಯುತ್ತಾನೆ. ಅವಳು ಸದ್ದು ಮಾಡಿದ್ದರಿಂದಲ್ಲ, ಮಾಡದಿದ್ದುದರಿಂದ. ಖಾಲಿ ಕೋಣೆಯ ಮೌನ ಬೇರೆ, ಒಬ್ಬರು ಉಸಿರು ಹಿಡಿದು ನಿಂತ ಕೋಣೆಯ ಮೌನವೇ ಬೇರೆ.

ಆದರೆ ಕುರುಡನ ಪಾತ್ರದ ರೆಡ್‌ಫರ್ನ್ ನಡೆದಾಗಲೆಲ್ಲ ಶಾಟು ಕೆಡುತ್ತಿತ್ತು. ಒಮ್ಮೆ ಮೇಲೆ ವಿಮಾನ ಹಾರಿತು. ಒಮ್ಮೆ ಮೇಜಿಗೆ ತಾಗಿದ. ಉಳಿದ ಸಲವೆಲ್ಲ ಆಂಬ್ರೋಸ್‌ನ ಕಿವಿಗೆ ಒಂದೇ ತಪ್ಪು ಬಡಿಯಿತು. ನೆಲದ ಮೇಲೆ ನಿಲ್ಲಬೇಕಾದ ಗುರುತು ಹತ್ತಿರ ಬಂದಾಗ ಅವನ ಹಿಮ್ಮಡಿ ಕೂದಲೆಳೆಯಷ್ಟು ಹಿಂಜರಿಯುತ್ತಿತ್ತು. ನೋಡುವವನ ನಡಿಗೆ ಅದು. "ಕಟ್" ಎಂದಾಗ ಗಾರ್ಸ್ಟನ್ನನ ಕುರ್ಚಿ ಕಿರುಗುಟ್ಟಿತು. ಈ ಶಾಟಿಗೆ ಏನಾಗಿತ್ತು ಎಂದು ಅವನು ಕೇಳಿದ. ಸುಳ್ಳು ನಡಿಗೆ ಎಂದ ಆಂಬ್ರೋಸ್.

"ನಿನಗೆ ಅಷ್ಟು ದೂರದಿಂದ ಕಾಣಿಸ್ತಾ, ಆಂಬ್ರೋಸ್?" ಗಾರ್ಸ್ಟನ್ನನ ದನಿಯಲ್ಲಿ ಸಕ್ಕರೆ ಇತ್ತು.

ಯಾರೋ ದೀಪಗಳಿರುವ ಮೇಲಿನ ಅಟ್ಟಣೆಯಲ್ಲಿ ಸುತ್ತಿಗೆ ಬೀಳಿಸಿದರು. ಆ ಸದ್ದಿನಲ್ಲಿ ಪ್ರಶ್ನೆ ಮುಳುಗಿಹೋಯಿತು.

ಗಂಟೆಗೆ ಹೆಚ್ಚು ಹೊತ್ತಿರಲಿಲ್ಲ. ಕಾಲು ಗಂಟೆ ಕೇಳಲು ಸಹಾಯಕ ಮುಂದಾಗಲಿಲ್ಲ. ದಿನವೂ ಇಲ್ಲ ಎನಿಸಿಕೊಂಡು ಅವನಿಗೂ ಸಾಕಾಗಿತ್ತು. ಆಂಬ್ರೋಸ್ ತಾನೇ ಎದ್ದ. ನಿರ್ದೇಶಕ ಹೀಗೆ ಬಾಯಿಬಿಟ್ಟು ಕೇಳುವ ರೂಢಿ ಇಲ್ಲ. ಹಗ್ಗ ಹಾಸಿದ್ದ ದಾರಿಯ ನಡುವೆ ಬಂದು ನಿಂತು, ಟಕ್‌ವೆಲ್‌ನ ಹ್ಯಾಟಿನ ಅಂಚನ್ನು ಹುಡುಕಿ, ಅದರ ಕೆಳಗಿನ ಹೊಗೆಗೆ ಹೇಳಿದ.

"ಪರ್ಸಿ, ಕಾಲು ಗಂಟೆ ಬೇಕು. ಕೇಳೋದು ಇದೇ ಕೊನೆ ಸಲ."

ಟಕ್‌ವೆಲ್ ಅದನ್ನು ಗಟ್ಟಿಯಾಗಿ ಎಲ್ಲರಿಗೂ ಹೇಳಿದ. ಬಳಿಕ ಸ್ಟುಡಿಯೋ ನಿಶ್ಶಬ್ದವಾಯಿತು.

ಆಂಬ್ರೋಸ್ ಆ ಮೌನದಲ್ಲಿ ನಿಂತೇ ಇದ್ದ. ಎಡಕ್ಕೆ ತಿರುಗಿದ, ಬಲಕ್ಕೆ ತಿರುಗಿದ. ಅಂಚಿನಲ್ಲಿ ಕಂಬ, ಏಣಿ, ಬೂಟುಗಳು. ಕೈಗಳು ಎಲ್ಲಿವೆ? ಎತ್ತಿದ್ದಾರೋ ಇಲ್ಲವೋ? ಯಾರನ್ನು ಕೇಳುವುದು, ಕೇಳಿದರೆ ಮುಗಿಯಿತಲ್ಲ. ಸೋತೆ ಎಂದುಕೊಂಡ. ಸಿದ್ಧ ಮಾಡಿಟ್ಟಿದ್ದ ಮಾತು ನಾಲಗೆಯ ತುದಿಗೆ ಬಂತು. ಉಸಿರೆಳೆದುಕೊಂಡ.

"ಇದು ಸರಿಹೋಗಲ್ಲ," ಎಂದಿತು ಟಕ್‌ವೆಲ್‌ನ ದನಿ, ನಿಧಾನವಾಗಿ. "ಹೋದ ವಾರ ಕೈ ಎಣಿಸೋದ್ರಲ್ಲಿ ಜಗಳ ಆಗಿತ್ತು. ಇವತ್ತು ಬಾಯಲ್ಲೇ ಹೇಳ್ಬಿಡ್ರಪ್ಪ, ಒಬ್ಬೊಬ್ರೇ. ನಿರ್ಮಾಪಕರೂ ಕೇಳಿಸ್ಕೊಳ್ಳಲಿ. ನಾನು ಹೂಂ."

ಹೋದ ವಾರ ಯಾವ ಜಗಳವೂ ಆಗಿರಲಿಲ್ಲ. ಆಂಬ್ರೋಸ್ ಎಳೆದುಕೊಂಡ ಉಸಿರನ್ನು ಹಾಗೇ ಹಿಡಿದ.

"ಹೂಂ," ಎಂದ ಕ್ಯಾಮೆರಾದ ಹಿಂದಿನಿಂದ ವಿಲ್ಫ್. "ಹೂಂ," ಎಂದಳು ಮೊಣಕೈ ಪಕ್ಕದಿಂದ ಆಲಿವ್. ಮೇಲಿನ ಅಟ್ಟಣೆಯಿಂದ ದೀಪದವರು ಒಬ್ಬರಾದ ಮೇಲೊಬ್ಬರು, ಗೋಡೆಯ ಹಿಂದಿನಿಂದ ಬಡಗಿಗಳು, ಮೂಲೆಯಿಂದ ಕೆಮ್ಮುತ್ತ ಬಣ್ಣದವನು. ಕತ್ತಲಲ್ಲಿ ದೀಪ ಹಚ್ಚುತ್ತ ಬಂದಂತೆ ಒಂದೊಂದು ದನಿಯೂ ತಾನಿದ್ದ ಜಾಗವನ್ನು ತೋರಿಸುತ್ತ ಹೋಯಿತು. ಇಡೀ ಸ್ಟುಡಿಯೋ, ಅದರ ಎತ್ತರ, ಅದರ ಅಗಲ, ಆಂಬ್ರೋಸ್‌ಗೆ ತಿಂಗಳುಗಳ ಬಳಿಕ ಪೂರ್ತಿ ಕಂಡಿತು.

"ನಂಗೆ ಓಟಿಲ್ಲ," ಎಂದಳು ಟೀ ಗಾಡಿಯ ಮುದುಕಿ. "ಆದ್ರೂ ಹೂಂ. ಬೇಗ ಮುಗ್ಸಿ, ಬನ್ನು ಒಣಗ್ತಾ ಇದೆ."

ನಗು ಎದ್ದಿತು. ಗಾರ್ಸ್ಟನ್ ನಗಲಿಲ್ಲ.

ದೀಪಗಳನ್ನು ಸರಿಪಡಿಸುವಾಗ ಟಕ್‌ವೆಲ್ ಹತ್ತಿರ ಬಂದು ಬೆನ್ನು ತಿರುಗಿಸಿ ನಿಂತು, ಯಾವುದೋ ವೈರು ನೋಡುವವನಂತೆ ನಟಿಸಿದ. ಇಷ್ಟು ದಿನ ಯಾಕೆ ಕೊಡಲಿಲ್ಲ ಎಂದು ಆಂಬ್ರೋಸ್ ಕೇಳಿದ.

"ಸಂಜೆ ಆಗ್ತಿದ್ದಂಗೆ ನೀವು ನಟರು ಅಂದ್ಕೊಂಡು ನನ್ನ ದೀಪದ ಕಂಬಕ್ಕೆ ಸಲಹೆ ಕೊಡೋಕೆ ಶುರು ಮಾಡ್ತಿದ್ರಿ, ಯಜಮಾನ್ರೇ. ಕಣ್ಣು ದಣೀತಿತ್ತು ಅಂತ ಕಾಣುತ್ತೆ. ಆ ಹೊತ್ತಲ್ಲಿ ತೆಗೆದಿದ್ದನ್ನ ಮಾರನೇ ದಿನ ಗಾರ್ಸ್ಟನ್ ಪರದೆ ಮೇಲೆ ನೋಡಿದ್ರೆ ಗೊತ್ತಾಗಿಬಿಡ್ತಿತ್ತು. ಬೇಡ ಅನ್ನಿಸ್ತು, ನಿಲ್ಲಿಸ್ತಿದ್ವಿ. ಆ ಹಗ್ಗ ಹಾಸಿದ್ದೂ ನಾವೇ, ನಿಮ್ಮ ಕಾಲಿಗೆ ದಾರಿ ಸಿಗಲಿ ಅಂತ." ಹೋಗುವ ಮುನ್ನ ಸೇರಿಸಿದ. "ಇವತ್ತು ತೋರಿಸಿಬಿಡಿ ಅವ್ರಿಗೆ."

ಆಂಬ್ರೋಸ್ ರೆಡ್‌ಫರ್ನ್‌ನನ್ನು ಕರೆದು, ನೆಲದ ಮೇಲಿನ ಗುರುತನ್ನು ಅಳಿಸಿಹಾಕಿಸಿದ. ಕಣ್ಣು ತೆರೆದುಕೊಂಡೇ ಇರು, ಆದರೆ ಕಾಲನ್ನು ನಂಬು ಎಂದ. ಮೇಜನ್ನು ಹುಡುಕಬೇಡ, ಅವಳ ಉಸಿರು ಎಲ್ಲಿ ನಿಂತಿದೆಯೋ ಅಲ್ಲಿಗೆ ಹೋಗು. "ನಾನು ಹೇಗೆ ನಡೀತೀನಿ ನೋಡಿದೀಯಲ್ಲ?" ಎಂದ, ಅವನೊಬ್ಬನಿಗೇ ಕೇಳುವಂತೆ. ರೆಡ್‌ಫರ್ನ್ ಅವನ ಭುಜವನ್ನು ಒಮ್ಮೆ ಒತ್ತಿದ.

ಗುರುತಿಲ್ಲದಿದ್ದರೆ ಫೋಕಸ್ ಹಿಡಿಯುವುದು ಕ್ಯಾಮೆರಾದವನಿಗೆ ಕಷ್ಟ. ವಿಲ್ಫ್ ಗೊಣಗದೆ ಸಿದ್ಧನಾದ.

ಸಂಜೆಯ ಗಂಟೆ ಹೊಡೆಯಿತು. ಯಾರೂ ಕದಲಲಿಲ್ಲ.

"ಆಕ್ಷನ್" ಎಂದು ಹೇಳಿ ಆಂಬ್ರೋಸ್ ಕಣ್ಣು ಮುಚ್ಚಿಕೊಂಡ. ಬಾಗಿಲು ತೆರೆಯಿತು. ಹೆಜ್ಜೆ ಹೊರಟಿತು, ರತ್ನಗಂಬಳಿಯ ಮೇಲೆ ಮೆತ್ತಗೆ, ಮರದ ಮೇಲೆ ಗಡುಸಾಗಿ. ಎಲ್ಲಿಯೂ ಹಿಂಜರಿಯಲಿಲ್ಲ. ಅಟ್ಟಣೆಯ ಮೇಲೆ, ಗೋಡೆಯ ಹಿಂದೆ, ಟೀ ಗಾಡಿಯ ಬಳಿ ಅಷ್ಟೂ ಜನ ಉಸಿರು ಹಿಡಿದಿದ್ದರು. ಆ ಮೌನ ಆಂಬ್ರೋಸ್‌ಗೆ ಗುರುತಿತ್ತು. ಟೀ ಗಾಡಿಯ ಹತ್ತಿರ ಹೋದಾಗಲೆಲ್ಲ ಸಿಕ್ಕಿದ್ದು ಇದೇ, ಅವನಿಗಾಗಿ ಹಿಡಿದ ಉಸಿರು. ಪರದೆ ಸರಕ್ಕೆಂದಿತು. ಹೆಂಗಸಿನ ಗಂಟಲಿಂದ ಅರ್ಧ ಉಸಿರು ಹೊರಬಿತ್ತು. ಕೈ ಸಿಕ್ಕಿತು.

ಅವನು ಇನ್ನೂ ಒಂದಿಷ್ಟು ಹೊತ್ತು ಕಾದು ನಂತರ "ಕಟ್" ಎಂದ. ಯಾರನ್ನೂ ಕೇಳದೆ, "ಬಂತು. ಇದೇ ಇರಲಿ," ಎಂದ. "ಬಂತು," ಎಂದ ಕ್ಯಾಮೆರಾದ ಹಿಂದಿನಿಂದ ವಿಲ್ಫ್.

ಮೇಲಿನಿಂದ ಯಾರೋ ಮರದ ಹಲಗೆಗೆ ಬೂಟಿನಿಂದ ಗುದ್ದಿದರು. ಆಮೇಲೆ ಎಲ್ಲರೂ ಗುದ್ದಿದರು. ತಗಡಿನ ಮಾಡು ಗುಡುಗಿತು. ಪೈಪಿನ ವಾಸನೆ ಎದ್ದು, ಬಾಗಿಲ ಕಡೆ ತೆಳುವಾಗಿ ಹೋಯಿತು. ಗಾರ್ಸ್ಟನ್ ಹತ್ತಿರ ಬಂದು, ಇಂಥದ್ದನ್ನು ತಾನು ಎಣಿಸಿರಲಿಲ್ಲ, ಕೊನೆ ಹೀಗೆಯೇ ಇರಲಿ ಎಂದು ಒಪ್ಪಿಕೊಂಡ. ಕೈ ಚಾಚಿರಬೇಕು. "ಬಲಗಡೆ, ಸ್ವಲ್ಪ ಕೆಳಗೆ," ಎಂದಳು ಆಲಿವ್, ಗಾಳಿಯಷ್ಟು ಮೆಲ್ಲಗೆ. ಆಂಬ್ರೋಸ್ ಮೊದಲ ಬಾರಿಗೆ ಅವಳ ಮಾತಿಗೆ ಕಾದಿದ್ದ. ಅವನ ಕೈ ನೇರವಾಗಿ ಹೋಗಿ ಗಾರ್ಸ್ಟನ್ನನ ಕೈಯನ್ನು ಸೇರಿತು, ಗಟ್ಟಿಯಾಗಿ ಕುಲುಕಿದ.

ಆ ಸಂಜೆ ನದಿಯಾಚೆಯ ಪಬ್ಬಿನಲ್ಲಿ ಅವರೆಲ್ಲ ಬಿಯರ್ ಕುಡಿದರು. ಮುದುಕಿ ಒಣಗಿದ ಬನ್ನುಗಳನ್ನು ಬುಟ್ಟಿಯಲ್ಲಿ ತಂದಿದ್ದಳು, ಎಲ್ಲರೂ ಬೈಯುತ್ತಲೇ ತಿಂದರು. ಬೇಸಿಗೆಯಲ್ಲಿ ಚಿತ್ರ ತೆರೆಕಂಡಿತು. ಕೊನೆಯ ಶಾಟಿನಲ್ಲಿ ಇಡೀ ಚಿತ್ರಮಂದಿರ ಉಸಿರು ಹಿಡಿಯುವುದನ್ನು ಆಂಬ್ರೋಸ್ ಹಿಂದಿನ ಸಾಲಿನಲ್ಲಿ ಕೂತು ಕೇಳಿದ. ಪರದೆಯ ಮೇಲೆ ಅವನ ಹೆಸರು ಬಂದಾಗ ಪಕ್ಕದಲ್ಲಿ ಕೂತಿದ್ದ ಟಕ್‌ವೆಲ್ ಅದನ್ನು ಗಟ್ಟಿಯಾಗಿ ಓದಿ ಹೇಳಿದ, ಸುತ್ತಲಿನವರು ಶ್ ಎಂದರೂ ಲೆಕ್ಕಿಸಲಿಲ್ಲ.

ಇಡೀ ಚಳಿಗಾಲ ತಾನು ಅವರನ್ನು ದ್ರೋಹಿಗಳೆಂದು ನಂಬಿದ್ದನ್ನು ಆಂಬ್ರೋಸ್ ಅವರಲ್ಲಿ ಒಬ್ಬರಿಗೂ ಎಂದೂ ಹೇಳಲಿಲ್ಲ.