ಪೀಠಿಕೆಯ ಕೊನೆಯ ಪ್ರಶ್ನೆ

"ಮಳೆ ನಿಂತು ಎಷ್ಟೋ ದಿನವಾಯಿತು. ಆದರೂ ಹೊಲದಲ್ಲಿ ಜೋಳ ಹಸಿರಾಗಿಯೇ ಇದೆ. ಯಾಕೆ?"

ಪ್ರಶ್ನೆ ಕೇಳಿದ ಸಗೀರಾ ಹಲಗೆಯ ಮೇಲೆ ಬರೆಯುವ ಖಡು ಹಿಡಿದ ಕೈಯನ್ನು ಸೆರಗಿನೊಳಗೆ ಮರೆಮಾಡಿಕೊಂಡಳು. ಐದನೆಯ ಇಯತ್ತೆಯ ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡು ತಲೆ ತಗ್ಗಿಸಿದರು. ಒಂದು ಕೈಯೂ ಮೇಲೇಳಲಿಲ್ಲ. ಏಳದಿರಲಿ ಎಂದೇ ಅವಳು ಬೆಳಗಿನಿಂದ ಬೇಡಿಕೊಂಡಿದ್ದಳು. ಮಕ್ಕಳಿಗೆ ಉತ್ತರ ಬಾರದಿರಲಿ ಎಂದು ದೇವರಲ್ಲಿ ಮೊರೆಯಿಡುವ ಶಿಕ್ಷಕಿಯನ್ನು ತಯಾರು ಮಾಡಲು ವಿಶ್ವವಿದ್ಯಾಲಯದ ಶಿಕ್ಷಣ ವಿಭಾಗಕ್ಕೇ ಸಾಧ್ಯ.

ಆ ವಿಭಾಗ ಇಂಡಿಯಲ್ಲಿ ಒಂದು ಕೇಂದ್ರ ತೆರೆದು ಆಗ ನಾಲ್ಕು ವರ್ಷವಾಗಿತ್ತು. ಬಾಡಿಗೆಯ ಕಟ್ಟಡ, ಹೊರಗೆ ಒಂದು ಬೇವಿನ ಮರ, ಒಳಗೆ ಗೋಡೆಯ ತುಂಬ ನಕ್ಷೆಗಳು. ಹೊಸ ಶಿಕ್ಷಕರಾಗಲು ಬಂದವರು ಪಕ್ಕದ ಈ ಕನ್ನಡ ಶಾಲೆಗೆ ಬಂದು ಪಾಠ ಮಾಡಿ ಕಲಿಯಬೇಕು. ಹಿಂದಿನ ಬೆಂಚಿನಲ್ಲಿ ಪ್ರಾಧ್ಯಾಪಕರು ಕುಳಿತು ಅಂಕ ಹಾಕಬೇಕು. ಪಾಠಕ್ಕೆ ಮೊದಲು ಪೀಠಿಕೆಯೆಂದು ಒಂದಿಷ್ಟು ಪ್ರಶ್ನೆ ಕೇಳಬೇಕು, ಕೊನೆಯದಕ್ಕೆ ಮಕ್ಕಳಿಗೆ ಉತ್ತರ ಬಾರದಿದ್ದಾಗ ಅಲ್ಲಿಂದ ಪಾಠ ಶುರು. ವರ್ಷಕ್ಕೆ ನೂರಾರು ಪಾಠ ಕೇಳಿ ಕೇಳಿ ಈ ಶಾಲೆಯ ಮಕ್ಕಳು ಪಾಠದಲ್ಲಿ ಪಳಗಿಹೋಗಿದ್ದರು.

ಕೇಂದ್ರದ ಮೊದಲ ಎಂ.ಎಡ್. ಪ್ರಬಂಧ ಸಗೀರಾಳದು. ಹೂವಿನ ಹಿಪ್ಪರಗಿಯ ಬಟ್ಟೆ ಅಂಗಡಿ ನಬಿಲಾಲನ ಮಗಳು ಅವಳು. ಹಳ್ಳಿಯ ಮಕ್ಕಳು ಕಣ್ಣಿಗೆ ಕಂಡದ್ದನ್ನು ಹೇಳಬಲ್ಲರು, ಅದರ ಕಾರಣ ಹೇಳಲಾರರು ಎಂಬುದು ಪ್ರಬಂಧದ ತಿರುಳು. ಈ ಶಾಲೆಯ ಪ್ರತಿ ಮಗುವನ್ನೂ ಒಂಟಿಯಾಗಿ ಬೇವಿನ ಮರದಡಿ ಕೂರಿಸಿಕೊಂಡು ಕೇಳಿದ್ದಳು. ಮೊದಲಿನ ಪ್ರಶ್ನೆಗಳಿಗೆಲ್ಲ ಪಟಪಟನೆ ಉತ್ತರ ಹೇಳಿದ ಮಕ್ಕಳು ಕೊನೆಯ "ಯಾಕೆ?"ಗೆ ಬಾಯಿ ಮುಚ್ಚಿಕೊಂಡಿದ್ದರು. ಅವಳಿಗೇ ಒಮ್ಮೆ ಅನುಮಾನ ಬಂದಿತ್ತು. ಮಾರ್ಗದರ್ಶಕರಾದ ಬಸಂತರಾಯರು, "ಅನುಮಾನ ಬ್ಯಾರೆ, ಸಂಶೋಧನಾ ಬ್ಯಾರೆ" ಎಂದು ಬಾಯಿ ಮುಚ್ಚಿಸಿದ್ದರು. ಈ ಒಂದು ಶಾಲೆಯ ಮಕ್ಕಳ ಮೌನವನ್ನು ನಂಬಿ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ನಾಲ್ಕೂ ತಾಲೂಕಿನ ಹಳ್ಳಿ ಶಾಲೆಗಳಿಗೆ ಕಾರಣ ಕೇಳದ ಸುಲಭ ಪಠ್ಯ ಸಾಕೆಂದು ಪ್ರಬಂಧ ಶಿಫಾರಸು ಮಾಡಿತ್ತು. ಅದು ಒಪ್ಪಿಗೆಯಾದರೆ ಜೂನ್‌ನಿಂದ ಸಗೀರಾ ಇದೇ ಕೇಂದ್ರದಲ್ಲಿ ಉಪನ್ಯಾಸಕಿ. ಆಗದಿದ್ದರೆ ಮತ್ತೆ ಹಿಪ್ಪರಗಿಯ ಶಾಲೆ, ಸಹಶಿಕ್ಷಕಿಯ ಹಳೆಯ ಕುರ್ಚಿ.

ಬೆಳಗಾವಿಯಿಂದ ಬಂದ ಪರೀಕ್ಷಕಿ ಇಂದ್ರಾಬಾಯಿ ಸುಲಭಕ್ಕೆ ಬಗ್ಗುವವರಲ್ಲ. ಜೋಳದ ಸೀಮೆಯ ಮಕ್ಕಳಿಗೆ ಇಷ್ಟೂ ಗೊತ್ತಿಲ್ಲವೆಂದರೆ ತಾನು ಕಣ್ಣಾರೆ ನೋಡಬೇಕೆಂದು ಹಟ ಹಿಡಿದು ವರ್ಗಕ್ಕೇ ಬಂದು ಕುಳಿತಿದ್ದರು. ಈಗ ಅವರೇ ಎದ್ದು ನಿಂತರು.

"ಯಾರಿಗೂ ಗೊತ್ತಿಲ್ಲೇನು? ಹೆದರಬ್ಯಾಡ್ರಿ, ಹೇಳ್ರಿ."

ಮೂರನೆಯ ಸಾಲಿನ ಧೂಳಪ್ಪ ಏನೋ ನುಂಗಿದವನಂತೆ ಮುಖ ಕೆಂಪು ಮಾಡಿಕೊಂಡು ಕುಳಿತಿದ್ದ. ಉಳಿದವರು ಕಲ್ಲು. ಇಂದ್ರಾಬಾಯಿ ಕನ್ನಡಕ ತೆಗೆದು ಒರೆಸಿಕೊಂಡರು.

"ಆತು. ನಾ ನಂಬಿರಲಿಲ್ಲ, ಈಗ ನಂಬಬೇಕಾತು. ಚಾ ಕುಡದು ಸಹಿ ಮಾಡೂಣು."

ಬಸಂತರಾಯರ ಮುಖ ಅರಳಿತು. ಎಲ್ಲರೂ ಹೊರಗೆ ಹೋದ ಮೇಲೆ ಸಗೀರಾ ಪಡಸಾಲೆಯ ನೀರಿನ ಹರವಿಯ ಹತ್ತಿರ ಹೋಗಿ ಒಂದು ತಂಬಿಗೆ ನೀರು ಗಟಗಟ ಕುಡಿದಳು. ಪಕ್ಕದಲ್ಲಿ ಕಸ್ತೂರೆವ್ವ ಬಂದು ನಿಂತಿದ್ದಳು. ವರ್ಗಕ್ಕೆಲ್ಲ ಹಿರಿಯಳು, ಅವಳು ಹುಬ್ಬೇರಿಸಿದರೆ ಸಾಕು, ಹುಡುಗರೂ ಗಪ್ಪಾಗುತ್ತಿದ್ದರು.

"ಅಕ್ಕಾರ, ಪಾಸಾದ್ರೇನ್ರಿ?"

"ಆದಂಗ ಆತವ್ವ."

"ಆ ಧೂಳ್ಯಾ ಹೇಳೇ ಬಿಡ್ತಿದ್ದರಿ. ನಾ ಹಿಂದಿನಿಂದ ಚೂಟಿದೆ." ಹುಡುಗಿಯ ಮುಖದ ತುಂಬ ಹೆಮ್ಮೆ.

ಸಗೀರಾಳ ಕೈಯ ತಂಬಿಗೆ ಅಲ್ಲೇ ನಿಂತಿತು. "ಏನ ಹೇಳ್ತಿದ್ದ?"

"ಜೋಳದ್ದರಿ. ಎಲ್ಲಾರಿಗೂ ಗೊತ್ತೈತಿ. ಆದ್ರ ಪೀಠಿಕಿ ಕಡೀ ಪ್ರಶ್ನಾಕ್ಕ ನಾವು ಹೇಳೂದಿಲ್ರಿ."

"ಯಾಕ?"

ಕಸ್ತೂರೆವ್ವನಿಗೆ ಆಶ್ಚರ್ಯವಾಯಿತು. ಇಷ್ಟು ಓದಿದ ಅಕ್ಕಾರಿಗೆ ಇದು ತಿಳಿಯದೇ?

"ಹ್ವಾದ ವರ್ಷ ಸಿದ್ದರಾಯ ಮಾಸ್ತರು ಲೆಸನ್ನಿಗೆ ಬಂದಿದ್ರಲ್ರಿ. ಅವರು ಕೇಳಿದ್ದಕ್ಕ ನಾವೆಲ್ಲಾ ಹೇಳಿಬಿಟ್ಟಿವಿ. ಹಿಂದ ಕುಂತಿದ್ದ ಬಸಂತರಾಯ ಸರು ಸಿಟ್ಟಿಗೆದ್ದು, ಹುಡುಗರೇ ಹೇಳಿದ ಮ್ಯಾಲ ನಿನ್ನ ಪಾಠ ಯಾಕ ಬೇಕು ಅಂತ ಎಲ್ಲಾರ ಮುಂದ ಬೈದ್ರು. ಮಾಸ್ತರು ಇಲ್ಲೇ, ಈ ಹರವಿ ಹತ್ರ ನಿಂತು ಅತ್ತರ್ರಿ. ಅವತ್ತಿಂದ ಸಾಲ್ಯಾಗಿನ ಹುಡುಗರೆಲ್ಲಾ ಆಣಿ ಮಾಡೇವಿ. ಲೆಸನ್ನಿನವರು ಯಾರೂ ಅಳಬಾರದಂತ."

"ನಾ ಒಬ್ಬೊಬ್ಬರನ್ನ ಗಿಡದ ಕೆಳಗ ಕರದು ಕೇಳಿದ್ನೆಲ್ಲ?"

"ಆಗೂ ಯಾರೂ ಹೇಳಲಿಲ್ಲಲ್ರಿ!" ಎಂದು ನಕ್ಕು ಅವಳು ಓಡಿಹೋದಳು.

ಸಗೀರಾ ಗೋಡೆಗೆ ಒರಗಿದಳು. ಮೊದಲು ಬಂದದ್ದು ಸಿಟ್ಟು, ಆಮೇಲೆ ನಾಚಿಕೆ. ಇಷ್ಟು ದಿನ ತಾನು ಅಳೆದದ್ದು ಮಕ್ಕಳ ಅಜ್ಞಾನವನ್ನಲ್ಲ, ಅವರ ಅಂತಃಕರಣವನ್ನು. ಅದಕ್ಕೆ ಶೇಕಡಾ ಹಾಕಿ, ಗೆರೆ ಎಳೆದು, ರಟ್ಟು ಕಟ್ಟಿಸಿ ತಂದಿದ್ದಳು. ಯಾರಿಗೂ ಹೇಳದೆ ಸುಮ್ಮನಿದ್ದುಬಿಟ್ಟರೆ ಹೇಗೆ ಎಂದೂ ಅನಿಸಿತು. ಅನಿಸಲಿಲ್ಲವೆಂದರೆ ಸುಳ್ಳಾದೀತು.

ಬಸಂತರಾಯರು ಪಡಸಾಲೆಯ ಆ ತುದಿಯಲ್ಲಿ ನಿಂತು ಬೇವಿನ ಮರದಡಿ ಕುರ್ಚಿ ಹಾಕಿಸುತ್ತಿದ್ದರು. ಪರೀಕ್ಷಕಿಯೊಡನೆ ಇಡೀ ಕೇಂದ್ರದ ಫೋಟೋ ತೆಗೆಸುವುದಿತ್ತು. ಸಗೀರಾ ಅವರನ್ನು ಬದಿಗೆ ಕರೆದು ಒಂದೇ ಉಸಿರಿಗೆ ಎಲ್ಲ ಹೇಳಿದಳು. ಅವರ ಮುಖ ಕಪ್ಪಿಟ್ಟಿತು.

"ಇದನ್ನ ಬ್ಯಾರೆ ಯಾರ ಮುಂದರ ಹೇಳೀರೇನು?"

"ಇಲ್ರಿ ಸರ."

"ಹೇಳಬ್ಯಾಡ್ರಿ. ಹುಡುಗಿ ಏನೋ ಬಡಬಡಿಸೈತಿ."

"ಖರೇ ಹೇಳ್ಯಾಳ್ರಿ. ಸಿದ್ದರಾಯ ಮಾಸ್ತರದ್ದು ನಿಮಗೂ ನೆನಪಿರಬೇಕಲ್ರಿ."

ಬಸಂತರಾಯರು ಕೋಟಿನ ಗುಂಡಿ ಹಾಕಿದರು, ಮತ್ತೆ ಬಿಚ್ಚಿದರು. "ಸಗೀರಾಬಾಯಿ, ಈ ಪ್ರಬಂಧ ಬಿದ್ರ ನೀವೊಬ್ಬರೇ ಬೀಳೂದಿಲ್ಲ. ಕೇಂದ್ರ ಬೀಳತೈತಿ, ನಾನೂ ಬೀಳತೇನಿ. ಮುಂದಿನ ವರ್ಷ ಇದಕ್ಕ ಒಂದು ತಿದ್ದುಪಡಿ ಬರಿಯೂಣು. ಇವತ್ತ ಸುಮ್ಮನಿರ್ರಿ. ಕೈ ಮುಗೀತೇನಿ."

ಅವರು ಖರೆಯೇ ಕೈ ಮುಗಿದಿದ್ದರು. ಎಂದೂ ಯಾರಿಗೂ ಬಾಗದ ಮನುಷ್ಯ. ಮುಂದಿನ ವರ್ಷದ ತಿದ್ದುಪಡಿ ಬರುವಷ್ಟರಲ್ಲಿ ಸುಲಭ ಪಠ್ಯ ಅಚ್ಚಾಗಿ ಹಳ್ಳಿ ಹಳ್ಳಿ ತಲುಪಿರುತ್ತದೆ. ಹಿಪ್ಪರಗಿಗೂ ಬರುತ್ತದೆ.

"ನಿಮ್ಮ ಉಪಕಾರ ಮರಿಯೂದಿಲ್ರಿ ಸರ," ಎಂದವಳು ಅವರ ಮುಖ ನೋಡದೆ ಒಳಗೆ ನಡೆದಳು.

ಇಂದ್ರಾಬಾಯಿ ಬಸಿಯಲ್ಲಿ ಚಾ ಆರಿಸಿಕೊಳ್ಳುತ್ತಿದ್ದರು. ಪ್ರಬಂಧ ಮುಂದೆಯೇ ತೆರೆದಿತ್ತು.

"ಬಾಯಿಯವರ, ಸಹಿ ಮಾಡೂಕಿಂತ ಮೊದಲ ಇನ್ನೊಮ್ಮೆ ವರ್ಗಕ್ಕ ಬರಬೇಕ್ರಿ."

"ಯಾಕ? ಮುಗೀತಲ್ಲ?"

"ಮುಗದಿಲ್ರಿ. ನಾ ತಪ್ಪು ಅಳದೇನಿ."

ಇಂದ್ರಾಬಾಯಿ ಅವಳನ್ನು ದಿಟ್ಟಿಸಿ ನೋಡಿ, ಬಸಿ ಕೆಳಗಿಟ್ಟು ಎದ್ದರು.

ಮಕ್ಕಳು ಮತ್ತೆ ಗದ್ದಲ ನಿಲ್ಲಿಸಿ ಕುಳಿತರು. ಸಗೀರಾ ಹಲಗೆ ಒರೆಸಿ, ಖಡುವನ್ನು ಕಿಟಕಿಯಲ್ಲಿಟ್ಟು, ಖಾಲಿ ಕೈಯಲ್ಲಿ ಅವರ ಮುಂದೆ ನಿಂತಳು. ಬಾಗಿಲಲ್ಲಿ ಬಸಂತರಾಯರು ಬಂದು ನಿಂತದ್ದು ಕಂಡಿತು.

"ಈಗ ಲೆಸನ್ನಿಲ್ಲ. ಪೀಠಿಕಿ ಇಲ್ಲ. ನೀವು ಹೇಳಿದ್ರ ನನಗ ಯಾರೂ ಬೈಯೂದಿಲ್ಲ. ಮಳಿ ಇಲ್ಲದ ಜ್ವಾಳ ಹ್ಯಾಂಗ ಬೆಳೀತೈತಿ?"

ಮಕ್ಕಳ ಕಣ್ಣೆಲ್ಲ ಕಸ್ತೂರೆವ್ವನ ಕಡೆ ಹೊರಳಿದವು. ಅವಳು ಅಲುಗಲಿಲ್ಲ. ಧೂಳಪ್ಪನಿಗೆ ಇನ್ನು ತಡೆಯಲಾಗಲಿಲ್ಲ.

"ಎರಿ ಹೊಲ, ಕರೀ ಮಣ್ಣು ಐತೆಲ್ರಿ! ಮಳಿ ನೀರು ಕುಡದು ಒಳಗ ಇಟಗೊಂಡಿರತೈತ್ರಿ!"

"ಮಸಾರಿ ಹೊಲದ ಕೆಂಪ ಮಣ್ಣಾಗ ಹಂಗ ನಿಂದರೂದಿಲ್ರಿ," ಎಂದು ಇನ್ನೊಂದು ದನಿ.

"ಎಡಿ ಹೊಡದು ಮಣ್ಣ ಕೆದರಿ ಬಿರುಕು ಮುಚ್ಚಬೇಕ್ರಿ, ಇಲ್ಲಂದ್ರ ಹಸಿ ಆರಿಹೋಗತೈತಿ!"

ನೋಡನೋಡುತ್ತ ವರ್ಗದ ತುಂಬ ಕೈಗಳೆದ್ದವು. ಕೆಲವರು ಬೆಂಚಿನ ಮೇಲೆ ಮೊಣಕಾಲೂರಿ ಎದ್ದೇ ಬಿಟ್ಟರು. ಇಂದ್ರಾಬಾಯಿ ತಮ್ಮ ಪೆನ್ನನ್ನು ಮುಚ್ಚಿದರು. ಆ ಸಣ್ಣ ಸಪ್ಪಳ ಸಗೀರಾಳಿಗೆ ಕೇಳಿಸಿತು. ಉಪನ್ಯಾಸಕಿಯ ಕೆಲಸ ಹೋಯಿತೆಂದು ತಿಳಿಯಿತು. ಅದೇ ಗಳಿಗೆಯಲ್ಲಿ, ಆ ಕೈಗಳನ್ನು ನೋಡಿ ಖುಷಿಯೂ ಆಯಿತು.

ಒಂದು ಕೈ ಮಾತ್ರ ಮೇಲೆ ಬಂದಿರಲಿಲ್ಲ.

"ಆ ಹುಡುಗಿಗೆ ಗೊತ್ತಿಲ್ಲೇನು?" ಇಂದ್ರಾಬಾಯಿ ಕೇಳಿದರು.

"ಗೊತ್ತೈತ್ರಿ. ಕಸ್ತೂರೆವ್ವ, ನೀನೂ ಹೇಳವ್ವ."

ಹುಡುಗಿ ಎದ್ದು ನಿಂತಳು. ಪರೀಕ್ಷಕಿಯನ್ನು ನೋಡಿದಳು, ಮುಚ್ಚಿದ ಪೆನ್ನನ್ನು ನೋಡಿದಳು. ಅವಳ ಕಣ್ಣಲ್ಲಿ ನೀರು ತುಂಬಿತ್ತು.

"ಹೇಳಿದ್ರ ನೀವು ನಾಪಾಸ ಆಗ್ತೀರಿಲ್ರಿ ಅಕ್ಕಾರ?"

ಮುಂದಿನ ಸಾಲಿನಲ್ಲಿ ಒಂದು ಕೈ ಇಳಿಯಿತು. ಅದರ ಹಿಂದೆ ಇನ್ನೊಂದು. ಧೂಳಪ್ಪನೂ ತನ್ನ ಕೈಯನ್ನು ಮೆಲ್ಲಗೆ ತೊಡೆಯ ಮೇಲೆ ಇಟ್ಟುಕೊಂಡ.

"ಆದ್ರ ಆಗಲಿ. ಕೈ ಇಳಸಬ್ಯಾಡ್ರಿ," ಎಂದಳು ಸಗೀರಾ. ಅಳಬಾರದೆಂದು ತುಟಿ ಕಚ್ಚಿಕೊಂಡಳು. ಈ ಮಕ್ಕಳ ಮುಂದೆ ಇವತ್ತು ಅಳುವ ಹಾಗೆಯೇ ಇರಲಿಲ್ಲ. ಬದಲಿಗೆ ನಕ್ಕಳು. "ನೋಡ್ರಿ, ನಾ ಅಳಾಕತ್ತಿಲ್ಲ."

ಕಸ್ತೂರೆವ್ವ ಅವಳ ಕಣ್ಣಲ್ಲಿ ನೀರಿದೆಯೇ ಎಂದು ನೋಡಿದಳು. ಆಮೇಲೆ ಕೈ ಎತ್ತಿದಳು, ಭುಜದ ಮಟ್ಟಕ್ಕೆ ಮಾತ್ರ.